1,150 ಮೀಟರ್ ಎಂದು ಹಗುರವಾಗಿ ಕಾಣಬೇಡಿ

ಉತ್ತರ ಸ್ವೀಡನ್ನಿನ ಕುಂಗ್ಸ್‌ಲೇಡೆನ್, ಎಂದರೆ ‘ರಾಜಮಾರ್ಗ’, ಅಬಿಸ್ಕೊದಿಂದ ಹೇಮಾವನ್‌ವರೆಗೆ ಸುಮಾರು 440 ಕಿ.ಮೀ. ಉದ್ದದ ಚಾರಣದ ಹಾದಿ. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರ ಉತ್ತರ ತುದಿಯ, ಅಬಿಸ್ಕೊ ಮತ್ತು ನಿಕ್ಕಲುವೊಕ್ತ ನಡುವಿನ ಸುಮಾರು 105 ಕಿ.ಮೀ. ಭಾಗಕ್ಕೆ ಸಂಬಂಧಿಸಿದವು. ಹೊಸ ಬೂಟನ್ನು ಮೊದಲು ಊರಿನಲ್ಲೇ ಪಳಗಿಸಬೇಕು, ಬೆನ್ನುಚೀಲ ಹೊತ್ತು ನಡೆದು ಅಭ್ಯಾಸ ಮಾಡಿಕೊಳ್ಳಬೇಕು ಎಂಬಂಥ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟನ್ನೂ ಹೇಳಿಸಿಕೊಳ್ಳಬೇಕಾದವರು ಅಬಿಸ್ಕೊಗೆ ಟಿಕೆಟ್ ತೆಗೆಯುವ ಅವಸರ ಮಾಡದಿರುವುದು ಒಳ್ಳೆಯದು.

ಪ್ರಶ್ನೆ: ಹಿಮಾಲಯದಲ್ಲಿ 4,500 ಮೀಟರ್‌ವರೆಗೆ ಏರಿದ್ದೇನೆ, ಕುಮಾರಪರ್ವತಕ್ಕೆ ನಾಲ್ಕು ಸಲ ಹೋಗಿದ್ದೇನೆ. ಕುಂಗ್ಸ್‌ಲೇಡೆನ್‌ನ ಅತಿ ಎತ್ತರದ ಜಾಗವೇ 1,150 ಮೀಟರ್ ಎಂದು ಓದಿದೆ. ಮಧ್ಯರಾತ್ರಿಯ ಸೂರ್ಯನನ್ನೂ ನೋಡಿದಂತಾಗುತ್ತದೆ ಎಂದು ಜೂನ್ ಮೊದಲ ವಾರ ಹೊರಟಿದ್ದೇವೆ. ಇದು ಸುಲಭದ ಚಾರಣ ತಾನೇ?

ಈ ಪ್ರಶ್ನೆಯನ್ನು ಊರು, ಹೆಸರು ಮತ್ತು ಶಿಖರಗಳನ್ನು ಮಾತ್ರ ಬದಲಿಸಿ ಪ್ರತಿ ವರ್ಷವೂ ಕೇಳುತ್ತಾರೆ. ಇದರಲ್ಲಿ ಎರಡು ತಪ್ಪುಗಳಿವೆ: ಒಂದು ಎತ್ತರದ ಲೆಕ್ಕದ್ದು, ಇನ್ನೊಂದು ತಿಂಗಳಿನದ್ದು.

ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುವುದು ಭೂಪಟ ಮಾಡುವವರ ಕೆಲಸ. ಚಾರಣಿಗರಿಗೆ ಬೇಕಾದದ್ದು ಕೊನೆಯ ಮರದಿಂದ ಮೇಲಕ್ಕೆ ಎಷ್ಟು ದೂರ ಎಂಬ ಲೆಕ್ಕ. ಕುಮಾರಪರ್ವತ 1,712 ಮೀಟರ್ ಎತ್ತರವಿದ್ದರೂ ಅದರ ನೆತ್ತಿಯ ಮಗ್ಗುಲಲ್ಲೇ ಶೋಲಾ ಕಾಡು ಇದೆ, ಗಾಳಿ ಬೀಸಿದರೆ ಒಳಗೆ ಸರಿದು ನಿಲ್ಲಬಹುದು. ಅಬಿಸ್ಕೊ ಇರುವುದು 68 ಡಿಗ್ರಿ ಉತ್ತರ ಅಕ್ಷಾಂಶದಾಚೆ, ಆರ್ಕ್‌ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕೆ. ಅಲ್ಲಿ ಬರ್ಚ್ ಮರಗಳು 600–700 ಮೀಟರ್ ಎತ್ತರದಲ್ಲೇ ನಿಂತುಬಿಡುತ್ತವೆ. ಅಬಿಸ್ಕೊಯಾವ್ರೆ ತಂಗುಮನೆಯನ್ನು ದಾಟಿ ಮೇಲೇರಿದ ಮೇಲೆ ಅಲೇಸ್‌ಯಾವ್ರೆ, ಚಾಕ್ಚಾ, ಸೆಲ್ಕಾ, ಸಿಂಗಿ ಎಂಬ ತಂಗುಮನೆಗಳನ್ನು ಹಾಯ್ದು ಮೂರು ನಾಲ್ಕು ದಿನ ನಡೆಯುವ ಹಾದಿಯಲ್ಲಿ ಮೊಣಕಾಲಿಗಿಂತ ಎತ್ತರದ ಗಿಡ ಕಂಡರೆ ನಿಂತು ನೋಡುವಂತಾಗುತ್ತದೆ. ನೀವು ಕೇಳಿದ ಆ 1,150 ಮೀಟರಿನ ಜಾಗ ಚಾಕ್ಚಾ ಪಾಸ್, ಎಂದರೆ ಬೆಟ್ಟಗಳ ನಡುವೆ ದಾಟಿಹೋಗುವ ದಾರಿ. ಅಲ್ಲಿ ಗಾಳಿಗೂ ನಿಮಗೂ ನಡುವೆ ನಿಮ್ಮ ಮೈಮೇಲಿನ ಬಟ್ಟೆಯ ಹೊರತು ಬೇರೇನೂ ಇರುವುದಿಲ್ಲ.

ಆರ್ಕ್‌ಟಿಕ್ ಎಂದೊಡನೆ ನಮ್ಮವರು ಮೈನಸ್ ಮೂವತ್ತು ಡಿಗ್ರಿಯ ಚಿತ್ರ ಮನಸ್ಸಿಗೆ ತಂದುಕೊಂಡು ದಪ್ಪ ಜಾಕೆಟ್ ಕೊಳ್ಳುತ್ತಾರೆ. ಬೇಸಿಗೆಯ ಚಾರಣದಲ್ಲಿ ಜನರನ್ನು ಕೆಡವುವುದು ಹೆಪ್ಪುಗಟ್ಟಿಸುವ ಚಳಿಯಲ್ಲ, 5 ಡಿಗ್ರಿಯ ಸೋನೆಮಳೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಹೀರುತ್ತದೆ. 5 ಡಿಗ್ರಿಯಲ್ಲಿ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ತಗಲುವ ಚಳಿ ಸೊನ್ನೆ ಡಿಗ್ರಿಯದ್ದಾಗಿರುತ್ತದೆ, ಅದೂ ಮೈ ಒಣಗಿದ್ದರೆ. ಒಳಗೆ ಹತ್ತಿಯ ಬನಿಯನ್ ಇದ್ದು, ಅದು ಬೆವರಿನಿಂದಲೋ ಮಳೆಯಿಂದಲೋ ತೊಯ್ದಿದ್ದರೆ ಮುಂದಿನದ್ದನ್ನು ಲೆಕ್ಕ ಹಾಕಬೇಕಾಗಿಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಹೈಪೋಥರ್ಮಿಯಾ, ಮತ್ತು ಅದಕ್ಕೆ ಹಿಮ ಬೀಳಲೇಬೇಕೆಂಬ ನಿಯಮವಿಲ್ಲ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಆ ಹಾದಿಯಲ್ಲಿ ನನ್ನ ಎರಡನೆಯ ಬೇಸಿಗೆ. ಜುಲೈ ತಿಂಗಳು, ಚಾಕ್ಚಾ ಪಾಸ್‌ಗೆ ಇನ್ನೊಂದು ಗಂಟೆಯ ದಾರಿ. ಮಳೆ ಹನಿಯತೊಡಗಿದಾಗ, ಚೀಲ ಇಳಿಸಿ ಮಳೆಯಂಗಿ ತೆಗೆಯುವುದಕ್ಕೆ ಬೇಸರಪಟ್ಟು, ಹೇಗೂ ನಡೆಯುತ್ತಿದ್ದರೆ ಮೈ ಬೆಚ್ಚಗಿರುತ್ತದೆ ಎಂದುಕೊಂಡೆ. ಮಲೆನಾಡಿನ ಮಳೆಯಲ್ಲಿ ನೆನೆದು ಬೆಳೆದವನ ಅಹಂಕಾರವೂ ಇತ್ತೆನ್ನಿ. ಅರ್ಧ ಗಂಟೆಯ ಮೇಲೆ ಮಳೆಯಂಗಿಯನ್ನು ಚೀಲದಿಂದ ಹೊರತೆಗೆದೆ. ಬೆರಳುಗಳು ಜಿಪ್ ಹಿಡಿಯಲು ಒಪ್ಪಲಿಲ್ಲ. ಜೊತೆಗಿದ್ದವರು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲವಂತೆ. ನನಗೆ ಮಾತ್ರ ಸರಿಯಾಗಿಯೇ ಮಾತಾಡುತ್ತಿದ್ದೇನೆ ಅನ್ನಿಸಿತ್ತು. ಪಾಸ್‌ನ ಮೇಲಿರುವ ಸಣ್ಣ ಆಸರೆಮನೆಗೆ ಅವರು ನನ್ನನ್ನು ಎಳೆದೊಯ್ದು, ಒದ್ದೆ ಬಟ್ಟೆ ಬಿಡಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ತುರುಕಿ, ಸಕ್ಕರೆ ಕಲಸಿದ ಬಿಸಿನೀರು ಕುಡಿಸಿದ್ದರಿಂದ ಈಗ ಈ ಅಂಕಣ ಬರೆಯುತ್ತಿದ್ದೇನೆ.

ಆದ್ದರಿಂದ ಗಮನಿಸಬೇಕಾದದ್ದು ನಿಮ್ಮನ್ನಲ್ಲ, ಜೊತೆಗಾರರನ್ನು. ಚಳಿ ಹತ್ತಿದವರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ. ನಡುಕ, ಕೈ ತಡವರಿಸುವುದು, ಮಾತು ತೊದಲುವುದು, ಸಪಾಟು ನೆಲದಲ್ಲಿ ಎಡವುವುದು ಇವು ಕಂಡೊಡನೆ ನಿಲ್ಲಬೇಕು. ನಡುಗುತ್ತಿದ್ದವರ ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಸುಧಾರಿಸಿದರೆಂದು ಸಮಾಧಾನಪಡಬೇಡಿ. ಅದು ಸ್ಥಿತಿ ಕೈಮೀರುತ್ತಿರುವ ಸೂಚನೆ. ಆಗ ಅವರನ್ನು ಎಳೆದಾಡದೆ ಮಲಗಿಸಿ, ಒಣಗಿಸಿ, ಸುತ್ತಿ, ಸಹಾಯ ಕರೆಯಬೇಕು.

ಈ ವಿಷಯದಲ್ಲಿ ಅರೆಜ್ಞಾನದವರ ಉಪದೇಶಕ್ಕೆ ಕೊನೆಯೇ ಇಲ್ಲ. ಎರಡು ಗುಟುಕು ಬ್ರಾಂಡಿ ಮೈ ಬೆಚ್ಚಗೆ ಮಾಡುತ್ತದೆ ಎನ್ನುವವರು, ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನೇ ಹೊರಗೆ ಚೆಲ್ಲುತ್ತದೆ ಎಂಬುದನ್ನು ಹೇಳುವುದಿಲ್ಲ. ಬೆಚ್ಚಗಾದಂತೆ ಅನ್ನಿಸುವುದೇ ಅದರ ಮೋಸ. ಕೈಕಾಲುಗಳನ್ನು ಗಸಗಸ ಉಜ್ಜುವುದೂ ಹಾಗೆಯೇ, ಚಳಿ ಆಳಕ್ಕಿಳಿದವರಿಗೆ ಅದರಿಂದ ಹೃದಯದ ಬಡಿತವೇ ಏರುಪೇರಾಗಬಹುದು. ಇನ್ನು ‘ಆರ್ಕ್‌ಟಿಕ್ ಚಾರಣಕ್ಕೆ’ ಎಂದು ಎತ್ತರದ ಕಾಯಿಲೆಯ ಸಿಹಿಗುಳಿಗೆಗಳನ್ನು ಮಾರುವ ಮಹಾಶಯರ ವಿಡಿಯೊವನ್ನು ಓದುಗರೊಬ್ಬರು ಕಳುಹಿಸಿದ್ದರು. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರಿನ ಮೇಲೆ, ಸ್ವೀಡನ್ನಿನ ಅತಿ ಎತ್ತರದ ಬೆಟ್ಟವಾದ ಕೆಬ್ನೆಕೈಸೆ ಇರುವುದೇ 2,100 ಮೀಟರಿನ ಒಳಗೆ. ಇಲ್ಲದ ಕಾಯಿಲೆಗೆ ಕೆಲಸ ಮಾಡದ ಔಷಧಿ ಎಂದರೆ ವ್ಯಾಪಾರಕ್ಕೆ ಅದಕ್ಕಿಂತ ಸುರಕ್ಷಿತವಾದದ್ದು ಇನ್ನೊಂದಿಲ್ಲ.

ಎರಡನೆಯ ತಪ್ಪು ಜೂನ್. ಮಧ್ಯರಾತ್ರಿಯ ಸೂರ್ಯ ಜೂನ್ ಮೊದಲ ವಾರದಲ್ಲಿ ಖಂಡಿತ ಇರುತ್ತಾನೆ, ಆದರೆ ಅವನ ಬೆಳಕಿನಲ್ಲಿ ನಿಮಗೆ ಕಾಣುವುದು ಕರಗುತ್ತಿರುವ ಹಿಮ. ಮೇಲ್ಪದರ ಗಟ್ಟಿಯಿದ್ದಂತೆ ತೋರಿ, ಕಾಲಿಟ್ಟರೆ ತೊಡೆಯವರೆಗೆ ಹೂಳುತ್ತದೆ, ಎರಡು ಕಿ.ಮೀ.ಗೆ ಎರಡು ಗಂಟೆ ಹಿಡಿಯುವುದೂ ಉಂಟು. ತೊರೆಗಳ ಮೇಲೆ ಹಿಮದ ಸೇತುವೆಗಳು ಉಳಿದಿರುತ್ತವೆ, ಅವುಗಳ ಅಡಿಯಲ್ಲಿ ನೀರು ಟೊಳ್ಳು ಕೊರೆದಿರುವುದು ಮೇಲಿನಿಂದ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಬೂಟು ಒದ್ದೆಯಾಗದಂತೆ ದಾಟುವ ಹಳ್ಳಗಳು ಆಗ ಸೊಂಟಮಟ್ಟ ಹರಿಯುತ್ತವೆ. 1885ರಲ್ಲಿ ಸ್ಥಾಪನೆಯಾದ ಸ್ವೀಡನ್ನಿನ ಪ್ರವಾಸಿ ಸಂಘದ ತಂಗುಮನೆಗಳ ಬೇಸಿಗೆ ಋತು ಆ ವೇಳೆಗೆ ಆರಂಭವಾಗಿರುವುದಿಲ್ಲ, ನೋಡಿಕೊಳ್ಳುವವರೂ ಇರುವುದಿಲ್ಲ. ಜೂನ್ ಮೊದಲ ವಾರ ಅಲ್ಲಿ ಚಳಿಗಾಲವೂ ಅಲ್ಲ, ಬೇಸಿಗೆಯೂ ಅಲ್ಲ. ಸ್ಕೀ ಹಾಕಿದರೂ ಸಾಗದು, ಬೂಟು ಹಾಕಿದರೂ ಸಾಗದು. ಚಾಕ್ಚಾ ಪಾಸ್‌ನಲ್ಲಿ ಜುಲೈ ಬಂದರೂ ಹಿಮದ ಹಾಸುಗಳಿರುತ್ತವೆ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಸಮಯ. ಹಳ್ಳಗಳು ಇಳಿದಿರುತ್ತವೆ, ಸೊಳ್ಳೆ ಹೋಗಿರುತ್ತದೆ, ಬರ್ಚ್ ಎಲೆ ಹಳದಿಯಾಗಿರುತ್ತದೆ, ತಂಗುಮನೆಗಳೂ ತೆರೆದಿರುತ್ತವೆ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯಬಹುದು, ಒಂದೊಂದು ಸಲ ಹಿಮವೂ ಬೀಳಬಹುದು. ಅದಕ್ಕೆ ತಯಾರಿ ಮಾಡಿಕೊಳ್ಳುವುದು ಕರಗುವ ಹಿಮಕ್ಕೆ ಮಾಡಿಕೊಳ್ಳುವುದಕ್ಕಿಂತ ಎಷ್ಟೋ ಸುಲಭ. ನಾನು ಅತಿ ಎಚ್ಚರದವನೆಂದು ಸ್ನೇಹಿತರು ಗೇಲಿ ಮಾಡುತ್ತಾರೆ, ಮಾಡಲಿ: ಒಂದು ಜೊತೆ ಒಣ ಉಣ್ಣೆಯ ಒಳಬಟ್ಟೆಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ, ಎಂಥ ಪರಿಸ್ಥಿತಿಯಲ್ಲೂ ನಡೆಯುವಾಗ ತೊಡದೆ ಮಲಗುವುದಕ್ಕೆಂದೇ ಉಳಿಸಿಕೊಳ್ಳಿ. ಏಳು ದಿನದ ಹಾದಿಗೆ ಎಂಟು ದಿನ ಇಟ್ಟುಕೊಳ್ಳಿ. ಹೆಚ್ಚಿನ ಆ ದಿನ, ಗಾಳಿ ಜೋರಾದಾಗ ತಂಗುಮನೆಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದಕ್ಕೆ. ವಾಪಸು ಟಿಕೆಟ್ಟಿನ ತಾರೀಖು ನೋಡಿಕೊಂಡು ಪಾಸ್ ದಾಟುವವರ ಜೊತೆ ನಾನು ಹೋಗುವುದಿಲ್ಲ.

ಸೇತುವೆಯಿಲ್ಲದ ಹಳ್ಳ ದಾಟಬೇಕಾಗಿ ಬಂದರೆ ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿ, ಕಾಲಿಗೆ ಏನಾದರೂ ತೊಟ್ಟು, ಕೋಲು ಊರಿ, ಹರಿವಿಗೆ ಎದುರಾಗಿ ಮುಖಮಾಡಿ, ಅಗಲವಾದ ಕಡೆ ದಾಟಿ. ಅಗಲ ಕಿರಿದಾದಲ್ಲಿ ಆಳ ಹೆಚ್ಚು. ಹಿಮನದಿಯ ನೀರು ಬರುವ ಹಳ್ಳವಾದರೆ ಬೆಳಗಿನ ಜಾವ ಕಡಿಮೆಯಿರುತ್ತದೆ, ಆದ್ದರಿಂದ ಸಂಜೆ ಅಬ್ಬರಿಸುತ್ತಿರುವುದನ್ನು ದಾಟುವ ಬದಲು ಈಚೆ ದಡದಲ್ಲೇ ಟೆಂಟ್ ಹಾಕಿ ಮಲಗಿ.

ಪ್ರಶ್ನೆ: ಕಂಬಗಳ ಮೇಲೆ ಕೆಂಪು ಅಡ್ಡಗುರುತು ಇರುತ್ತದಂತಲ್ಲ, ಅದನ್ನು ಹಿಡಿದು ಹೋದರೆ ಸಾಕಲ್ಲವೇ?

ಸಾಕು, ಸರೋವರದ ಮೇಲೆ ನಡೆಯುವ ಸಿದ್ಧಿ ನಿಮಗಿದ್ದರೆ. ಆ ಗುರುತು ಚಳಿಗಾಲದ ಸ್ಕೀ ದಾರಿಯದ್ದು, ಹೆಪ್ಪುಗಟ್ಟಿದ ಕೆರೆ ಮತ್ತು ಜೌಗಿನ ಮೇಲೆ ನೇರವಾಗಿ ಹೋಗುತ್ತದೆ. ಬೇಸಿಗೆಯ ಹಾದಿಗೆ ಕಲ್ಲುಗಳ ಮೇಲಿನ ಕೆಂಪು ಬಣ್ಣ ಮತ್ತು ಕಲ್ಲುಗುಪ್ಪೆಗಳೇ ಗುರುತು.

ಪ್ರಶ್ನೆ: ಬೆಳ್ಳುಳ್ಳಿ ಅಥವಾ ಬಿ1 ವಿಟಮಿನ್ ತಿಂದರೆ ಸೊಳ್ಳೆ ಹತ್ತಿರ ಬರುವುದಿಲ್ಲ ಎನ್ನುತ್ತಾರೆ, ನಿಜವೇ?

ಸುಳ್ಳು. ತಲೆಗೆ ಬಲೆ ಹಾಕಿಕೊಳ್ಳಿ, ಮೈಗೆ ಸೊಳ್ಳೆ ಓಡಿಸುವ ಮುಲಾಮು ಹಚ್ಚಿಕೊಳ್ಳಿ.

ಪ್ರಶ್ನೆ: ಹಿಮಕರಡಿ ಎದುರಾದರೆ ಏನು ಮಾಡಬೇಕು?

ಸ್ವೀಡನ್ನಿನಲ್ಲಿ ಹಿಮಕರಡಿ ಇಲ್ಲ. ಎದುರಾದರೆ ನೀವು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಬಂದಿದ್ದೀರಿ.

ಪ್ರಶ್ನೆ: ಜುಲೈ ಚಾರಣದಲ್ಲಿ ಉತ್ತರದ ಬೆಳಕು, ಅಂದರೆ ಅರೋರಾ, ಕಾಣಬಹುದೇ?

ಕತ್ತಲೆಯೇ ಆಗದ ಆಕಾಶದಲ್ಲಿ ಕಾಣುವುದಿಲ್ಲ. ಆಗಸ್ಟ್ ಕೊನೆಯವರೆಗೆ ಕಾಯಿರಿ.

ಪ್ರಶ್ನೆ: ಫೋನಿನಲ್ಲಿ ಭೂಪಟದ ಆ್ಯಪ್ ಇದೆ. ಕಾಗದದ ಭೂಪಟ ಹಳೆಯ ಕಾಲದ್ದಾಯಿತಲ್ಲವೇ?

ಹಾದಿಯ ಬಹುಪಾಲು ಸಿಗ್ನಲ್ ಇಲ್ಲ, ತಂಗುಮನೆಗಳಲ್ಲಿ ಫೋನು ಚಾರ್ಜ್ ಮಾಡಲು ವಿದ್ಯುತ್ ಸಿಗುತ್ತದೆಂದು ನಂಬಿಕೊಂಡು ಹೋಗುವಂತಿಲ್ಲ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಕಾಗದದ ಭೂಪಟ ಮತ್ತು ದಿಕ್ಸೂಚಿ ಒಯ್ಯಿರಿ, ದಿಕ್ಸೂಚಿ ನೋಡುವುದನ್ನು ಮನೆಯಲ್ಲೇ ಕಲಿಯಿರಿ. ತುರ್ತು ಸಂಖ್ಯೆ 112; ಸಿಗ್ನಲ್ ಇಲ್ಲದಲ್ಲಿ ಕೆಲವು ತಂಗುಮನೆಗಳಲ್ಲಿ ತುರ್ತು ದೂರವಾಣಿ ಇದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಬೆಂಗಳೂರಿನಿಂದ ಬರುತ್ತೇವೆ. ಊಟಕ್ಕೇನು ಮಾಡುವುದು?

ಅವಲಕ್ಕಿ, ಚಟ್ನಿಪುಡಿ, ಹುರಿದ ಉಪ್ಪಿಟ್ಟಿನ ರವೆ, ಕಡಲೆಬೀಜ ಇವಕ್ಕಿಂತ ಹಗುರವಾದ ಚಾರಣದ ಆಹಾರವನ್ನು ಯಾವ ದುಬಾರಿ ಪೊಟ್ಟಣದಲ್ಲೂ ನಾನು ಕಂಡಿಲ್ಲ. ಹಾಲಿನ ಪದಾರ್ಥಗಳನ್ನು ಯುರೋಪ್ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ, ಆದ್ದರಿಂದ ತುಪ್ಪ ಮತ್ತು ಪೇಡ ಮನೆಯಲ್ಲೇ ಇರಲಿ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಕಿರುನಾದಲ್ಲೋ ಅಬಿಸ್ಕೊದಲ್ಲೋ ಕೊಳ್ಳಿರಿ. ಅಲೇಸ್‌ಯಾವ್ರೆ ಮತ್ತು ಸೆಲ್ಕಾದಲ್ಲಿ ಸಣ್ಣ ಅಂಗಡಿಗಳಿವೆ. ಚಾಕ್ಚಾ ಮತ್ತು ಸಿಂಗಿಯಲ್ಲಿ ಇಲ್ಲ.

ಪ್ರಶ್ನೆ: ಕಾಡು ಹಿಮಸಾರಂಗಗಳ ಹತ್ತಿರ ಹೋಗಿ ಫೋಟೊ ತೆಗೆಯಬಹುದೇ?

ಅವು ಕಾಡಿನವಲ್ಲ. ಅಲ್ಲಿನ ಪ್ರತಿಯೊಂದು ಹಿಮಸಾರಂಗಕ್ಕೂ ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನರಲ್ಲಿ ಒಡೆಯರಿದ್ದಾರೆ, ಕಿವಿಯ ಗುರುತೇ ಅದಕ್ಕೆ ಸಾಕ್ಷಿ. ಇನ್ನೊಬ್ಬರ ದನವನ್ನು ಬೆದರಿಸಿ ಓಡಿಸಿದರೆ ನಮ್ಮೂರಿನಲ್ಲಿ ಏನನ್ನುತ್ತಾರೋ ಅಲ್ಲಿಯೂ ಅದನ್ನೇ ಅನ್ನುತ್ತಾರೆ. ಹಿಂಡು ಎದುರಾದರೆ ಕುಳಿತುಕೊಳ್ಳಿ, ತಾವಾಗಿಯೇ ದಾಟಿ ಹೋಗುತ್ತವೆ.

ಪ್ರಶ್ನೆ: ಸ್ಟಾಕ್‌ಹೋಮ್‌ನಲ್ಲಿದ್ದೇನೆ. ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಇಬ್ಬರಿಗೂ ಅರವತ್ತೈದು ದಾಟಿದೆ. ಅವರನ್ನು ಕರೆದೊಯ್ಯಬಹುದೇ?

ಧಾರಾಳವಾಗಿ, ಆದರೆ ಏಳು ದಿನದ ಹಾದಿಗಲ್ಲ. ರಾತ್ರಿ ರೈಲಿನಲ್ಲಿ ಅಬಿಸ್ಕೊಗೆ ಬನ್ನಿ. ಇಳಿದ ಕಡೆಯಿಂದ ಕೂಗಳತೆಯಲ್ಲೇ ನದಿ ಕೊರೆದ ಕಮರಿ ಇದೆ. ಅಲ್ಲಿಂದ ಬರ್ಚ್ ಕಾಡಿನೊಳಗೆ ಕುಂಗ್ಸ್‌ಲೇಡೆನ್‌ನ ಮೊದಲ ಮೂರು ನಾಲ್ಕು ಕಿ.ಮೀ. ಹೆಚ್ಚುಕಡಿಮೆ ಸಪಾಟು. ಜೌಗಿನ ಮೇಲೆ ಹಲಗೆ ಹಾಸಿರುತ್ತಾರೆ, ಮಳೆ ಬಂದಾಗ ಅವು ಜಾರುತ್ತವೆ, ಅಮ್ಮನಿಗೆ ಸೀರೆ ಬೇಡ. ಅಬಿಸ್ಕೊ ಮಳೆನೆರಳಿನ ಪ್ರದೇಶ, ಸ್ವೀಡನ್ನಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲೊಂದು, ಆದ್ದರಿಂದ ಒಳ್ಳೆಯ ದಿನ ಸಿಗುವ ಸಾಧ್ಯತೆಯೂ ಹೆಚ್ಚು. ಅವರು ಎಲ್ಲಿ ಸಾಕು ಎನ್ನುತ್ತಾರೋ ಅಲ್ಲಿ ಫ್ಲಾಸ್ಕ್ ತೆಗೆದು ಕಾಫಿ ಕೊಟ್ಟು ಹಿಂದಿರುಗಿ. ಮುಂದಿನ ತಂಗುಮನೆ ಹತ್ತೇ ಕಿ.ಮೀ. ಇದೆ ಎಂದು ಆಸೆ ತೋರಿಸಬೇಡಿ.