ಸದ್ದು ಟೈರಿನದೋ, ಬೇರಿಂಗಿನದೋ?

ಪ್ರಶ್ನೆ: ನಮ್ಮದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಓಡಿದೆ. ವೇಗ 50 ದಾಟಿದರೆ ಮುಂದುಗಡೆಯಿಂದ 'ಗುಂಯ್' ಅನ್ನುತ್ತದೆ. ಒಬ್ಬ ಮೆಕ್ಯಾನಿಕ್ ಟೈರ್ ಬದಲಿಸಿ ಅಂತಾರೆ, ಇನ್ನೊಬ್ಬರು ಎರಡೂ ಕಡೆ ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ) ಹೋಗಿದೆ ಅಂತಾರೆ. ಯಾರನ್ನು ನಂಬೋಣ? – ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ, ಮೊದಲು ನೀವೇ ನೋಡಿ. ಖಾಲಿ ರಸ್ತೆಯಲ್ಲಿ 60ಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ಎಂಜಿನ್ ಆಫ್ ಮಾಡಕೂಡದು. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಇಳಿದರೂ ಸದ್ದು ಹಾಗೇ ಇದ್ದು, ಗಾಡಿ ನಿಧಾನವಾದಂತೆ ಇಳಿದರೆ ಅದು ಚಕ್ರದ ಕಡೆಯದು.

ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಸದ್ದಿನ ಧಾಟಿಯೇ ಬದಲಾದರೆ ಟೈರಿನ ಮೇಲೆ ಅನುಮಾನ ಪಡಿ. ಟೈರಿನ ಮೇಲೆ ಅಂಗೈ ಆಡಿಸಿದರೆ ಗರಗಸದ ಹಲ್ಲಿನಂಥ ಏರಿಳಿತ ಸಿಗುತ್ತದೆ. ಆಮೇಲೂ ಗೊಂದಲವಿದ್ದರೆ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿಸಿ. ಸದ್ದೂ ಹಿಂದಕ್ಕೆ ಹೋದರೆ ಬೇರಿಂಗ್ ತಂಟೆಗೆ ಹೋಗಬೇಡಿ.

ಉದ್ದನೆಯ ಎಡ ತಿರುವಿನಲ್ಲಿ ಭಾರ ಬಲಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್. ಇದು ಸುಳಿವಷ್ಟೇ, ತೀರ್ಪಲ್ಲ.

ತೀರ್ಪು ಜಾಕ್ ಹಾಕಿದ ಮೇಲೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಜೊತೆಗೆ ಸ್ಟ್ಯಾಂಡ್ ಕೂಡ ಇಟ್ಟು, ನ್ಯೂಟ್ರಲ್ ಮಾಡಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಟಕ್ ಟಕ್ ಎಂದರೆ ಯಾರಿಗಾದರೂ ಬ್ರೇಕ್ ತುಳಿದು ಹಿಡಿಯಲು ಹೇಳಿ. ಪ್ಲೇ (ಆ ಸಡಿಲ ಅಲುಗಾಟ) ಮಾಯವಾದರೆ ಬೇರಿಂಗ್, ಉಳಿದರೆ ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್ ನೋಡಿ. ಎಡ-ಬಲ ಹಿಡಿದಾಗ ಮಾತ್ರ ಅಲುಗಿದರೆ ಚಕ್ರ ತಿರುಗಿಸುವ ಸ್ಟೀರಿಂಗ್ ಭಾಗಗಳಾದ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ್ಯಾಕ್.

ಬಹಳ ಜನ ಎಡವುವುದು ಇಲ್ಲೇ: ಪ್ಲೇ ಇಲ್ಲವೆಂದು ಬೇರಿಂಗ್ ಸರಿಯಿದೆ ಅಂದುಕೊಳ್ಳುತ್ತಾರೆ. ಒಳಗೆ ಗುಂಡುಗಳು ಉರುಳುವ ದಾರಿ ಚುಕ್ಕೆ ಚುಕ್ಕೆಯಾಗಿ ಕಿತ್ತು ಬಂದಿದ್ದರೂ ಚಕ್ರ ಬಿಗಿಯಾಗಿಯೇ ಇರಬಹುದು. ಒಂದು ಕೈಯ ಬೆರಳ ತುದಿಯನ್ನು ಕಾಯಿಲ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಸವೆದಿದ್ದರೆ ರಾಗಿ ಬೀಸುವ ಕಲ್ಲಿನ ಮೇಲೆ ಕೈಯಿಟ್ಟಂತೆ ಗರಗರ ಬೆರಳಿಗೆ ಬರುತ್ತದೆ. ಬ್ರೇಕ್ ಪ್ಯಾಡ್ ಸವರುವ ಸರಸರ ಬೇರೆ, ಅದಕ್ಕೆ ಹೆದರಬೇಡಿ. ಇನ್ನೊಂದು ಬದಿಯನ್ನೂ ಹೀಗೇ ನೋಡಿ. ಕೆಟ್ಟ ಕಡೆಯದನ್ನು ಮಾತ್ರ ಬದಲಿಸಿದರೆ ಸಾಕು.

ಪ್ಲೇ ಬಂದಿದ್ದರೆ ಗಾಡಿ ಓಡಿಸಬೇಡಿ.

ಪ್ರಶ್ನೆ: ಹೊಸ ಬೇರಿಂಗ್ ಹಾಕಿಸಿದ ದಿನದಿಂದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯುತ್ತಿದೆ. ಎರಡೇ ತಿಂಗಳಿಗೆ ಸದ್ದೂ ಬಂತು. ಮಾಲೇ ಕಳಪೆಯೇ? – ಓದುಗರು, ಶಿರಸಿ

ಉತ್ತರ: ಮಾಲಿಗಿಂತ ಕೂರಿಸಿದ ರೀತಿಯ ಮೇಲೆ ನಮ್ಮ ಅನುಮಾನ. ಹಲವು ಗಾಡಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ, ನೋಡಲು ಬರೀ ರಬ್ಬರ್. ಆ ಬದಿ ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರ್ ಕಡೆಗಿರಬೇಕು. ತಿರುವುಮುರುವಾದರೆ ಸಿಗ್ನಲ್ ಬರದು, ದೀಪ ಉರಿಯುತ್ತದೆ.

ಬೇರಿಂಗನ್ನು ಸ್ಟೀರಿಂಗ್ ನಕಲ್‌ಗೆ (ಅದು ಕೂರುವ ಲೋಹದ ಭಾಗ) ಪ್ರೆಸ್ ಮಾಡುವಾಗ ಒತ್ತಡ ಹೊರ ರಿಂಗಿನ ಮೇಲಷ್ಟೇ ಬೀಳಬೇಕು. ಆಮೇಲೆ ಹಬ್ (ಚಕ್ರವನ್ನು ಬಿಗಿಯುವ ಭಾಗ) ಕೂರಿಸುವಾಗ ಒಳ ರಿಂಗಿಗೆ ಆಸರೆ ಕೊಡಬೇಕು. ಇದು ಅದಲುಬದಲಾದರೆ, ಅಥವಾ ಸುತ್ತಿಗೆಯಲ್ಲಿ ಬಡಿದರೆ, ಗುಂಡುಗಳು ದಾರಿಯಲ್ಲಿ ಕುಳಿ ಬೀಳಿಸುತ್ತವೆ. ಹೊಸ ಬೇರಿಂಗ್ ಅಲ್ಲೇ ಹಾಳು. ಹಳೆಯ ಒಳ ರಿಂಗ್ ಹಬ್‌ನಲ್ಲೇ ಕಚ್ಚಿಕೊಂಡಿದ್ದಾಗ ಗ್ರೈಂಡರ್‌ನಿಂದ ಕತ್ತರಿಸಿ ಹಬ್‌ಗೆ ಗಾಯ ಮಾಡಿದ್ದರೆ ಹಬ್ ಕೂಡ ಬದಲಿಸಬೇಕು. ಹಬ್ ನಟ್ ಹೊಸದೇ ಇರಲಿ. ಅದನ್ನು ಏರ್ ಗನ್ನಿನಲ್ಲಿ ಮುಗಿಸದೆ, ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಲ್ಲೇ ತಿರುಗಿಸಲಿ. ಅದಕ್ಕೆ ಮುಂಚೆ ಗಾಡಿಯ ಭಾರ ಆ ಚಕ್ರದ ಮೇಲೆ ಬೀಳಬಾರದು.