ಸಾಕಿದ ಆಮೆ ತಿನ್ನೋದು ಬಿಟ್ಟರೆ ಏನು ಮಾಡಬೇಕು?

ನಿಮ್ಮ ಕೆಂಪು ಕಿವಿಯ ಸ್ಲೈಡರ್ ಆಮೆ ಊಟ ಬಿಟ್ಟು ಮೂಲೆ ಹಿಡಿದಿದೆ ಅಂದಿದ್ದೀರಿ. ಮೊದಲು ನೀರಿಗೆ ಥರ್ಮಾಮೀಟರ್ ಹಾಕಿ ನೋಡಿ. ನೀರು ತಣ್ಣಗಾದರೆ ಆಮೆಯ ಮೈಯೂ ತಣ್ಣಗಾಗುತ್ತದೆ. ಆಗ ತಿಂದದ್ದು ಅರಗುವುದಿಲ್ಲ, ಹಸಿವೂ ಆಗುವುದಿಲ್ಲ. ಡಿಸೆಂಬರ್‌ನ ಬೆಂಗಳೂರಲ್ಲಿ ಇದು ಮಾಮೂಲು. ಹೀಟರ್ ಇಟ್ಟು ನೀರನ್ನು 26-28 ಡಿಗ್ರಿಗೆ ತನ್ನಿ. ಹತ್ತಿ ಕೂತು ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ಅದರ ಮೇಲೆ ಸುಮಾರು 32 ಡಿಗ್ರಿ ಬಿಸಿ ಕೊಡುವ ದೀಪ, ಜೊತೆಗೆ ಯುವಿಬಿ (ಬಿಸಿಲಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಕೊಡುವ ಬಲ್ಬ್ ಬೇಕು. ಕಿಟಕಿ ಗಾಜಿನಿಂದ ಬರುವ ಬಿಸಿಲು ಸಾಲದು, ಗಾಜು ಯುವಿಬಿಯನ್ನು ತಡೆಯುತ್ತದೆ.

ಆಮೇಲೆ ಕಣ್ಣು ನೋಡಿ. ರೆಪ್ಪೆ ಊದಿ ಮುಚ್ಚಿಕೊಂಡಿದ್ದರೆ ವಿಟಮಿನ್ ಎ ಕೊರತೆ ಇರಬಹುದು. ಬರೀ ಒಣ ಸಿಗಡಿ ಹಾಕಿ ಸಾಕಿದರೆ ಹೀಗಾಗುತ್ತದೆ. ಕಣ್ಣೇ ಕಾಣದ ಆಮೆ ತಿನ್ನೋದಾದರೂ ಹೇಗೆ, ಅಲ್ವಾ? ಹಾಗಂತ ಅಂಗಡಿಯವರ ಮಾತು ಕೇಳಿ ಸುಮ್ನೆ ವಿಟಮಿನ್ ಹನಿ ಸುರಿಯಬೇಡಿ, ಜಾಸ್ತಿಯಾದರೆ ಅದೂ ವಿಷ. ಬಾಯಿ ತೆರೆಸಿ ತುರುಕಲೂಬೇಡಿ.

ಒಂದು ಪಕ್ಕಕ್ಕೆ ವಾಲಿ ಈಜುತ್ತಿದ್ದರೆ, ಮೂಗಿಂದ ಗುಳ್ಳೆ ಬರುತ್ತಿದ್ದರೆ ನ್ಯುಮೋನಿಯಾ ಇರಬಹುದು. ಅವತ್ತೇ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಒಯ್ಯಿರಿ. ನಾಯಿ, ಬೆಕ್ಕು ನೋಡುವ ಎಲ್ಲ ಡಾಕ್ಟರಿಗೂ ಆಮೆ ಗೊತ್ತಿರುವುದಿಲ್ಲ. ಒಯ್ಯುವಾಗ ಡಬ್ಬದಲ್ಲಿ ನೀರು ತುಂಬಬೇಡಿ, ಒದ್ದೆ ಬಟ್ಟೆ ಹಾಸಿದರೆ ಸಾಕು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಆಮೆಗಳಿಂದ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಹರಡುತ್ತದೆ.