ಮಗುವಿಗೆ ಹಿಪ್ ಸ್ಪೈಕಾ ಪ್ಲಾಸ್ಟರ್ ಹಾಕಿದ ಮೇಲೆ ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ನಿಮ್ಮ ಮಗಳಿಗೆ 10 ತಿಂಗಳು, ಎಡ ಸೊಂಟದ ಕೀಲು ಜಾರಿದೆ, ಮುಂದಿನ ವಾರ ಕೀಲು ಕೂರಿಸಿ ಎದೆಯಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ, ಉಚ್ಚೆ, ಕಕ್ಕ, ಸ್ನಾನಕ್ಕೆಲ್ಲ ಏನು ಮಾಡುವುದು ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಹಾಕಿದ್ದರು. ನಾನು ಡಾಕ್ಟರ್ ಅಲ್ಲ, ತಾಯಿಯಾಗಿ ಹೇಳುತ್ತೇನೆ.

ಮಗು ಕೆಲವು ದಿನ ಕಿರಿಕಿರಿ ಮಾಡುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ನಿಜವಾದ ತೊಂದರೆ ಒದ್ದೆಯದು. ಉಚ್ಚೆ ಪ್ಲಾಸ್ಟರ್ ಒಳಗೆ ಇಳಿದರೆ ಅಲ್ಲಿರುವ ಹತ್ತಿ ಬೇಗ ಒಣಗುವುದಿಲ್ಲ. ವಾಸನೆ ಬರುತ್ತದೆ, ಚರ್ಮ ಹುಣ್ಣಾಗುತ್ತದೆ. ಜಾಸ್ತಿಯಾದರೆ ಬಿಚ್ಚಿ ಹೊಸದಾಗಿ ಹಾಕಬೇಕಾಗುತ್ತದೆ, ಅಂದರೆ ಮತ್ತೊಮ್ಮೆ ಅನಸ್ತೇಷಿಯಾ. ಅದಕ್ಕೇ ನಿಮ್ಮ ಗಮನ ಎಲ್ಲಕ್ಕಿಂತ ಹೆಚ್ಚು ಡೈಪರ್ ಮೇಲಿರಲಿ.

ಒಂದು ಡೈಪರ್ ಸಾಲದು, ಎರಡು ಬೇಕು. ಸೈಜಿನಲ್ಲಿ ಚಿಕ್ಕದನ್ನು ಪ್ಲಾಸ್ಟರ್ ಅಂಚಿನ ಒಳಗೆ, ಹಿಂದೆ ಮುಂದೆ ಎರಡೂ ಕಡೆ, ಮೆಲ್ಲಗೆ ತೂರಿಸಿ. ಅದು ಜಾರದಂತೆ ಪ್ಲಾಸ್ಟರ್ ಹೊರಗಿನಿಂದ ದೊಡ್ಡ ಸೈಜಿನದನ್ನು ಹಾಕಿ. ಹಗಲು 2 ಗಂಟೆಗೊಮ್ಮೆ ಬದಲಿಸಿ, ರಾತ್ರಿಯೂ ಎದ್ದು ನೋಡಿ. ಕಕ್ಕ ಮಾಡಿದರೆ ತಕ್ಷಣ ಬದಲಿಸಬೇಕು. ಮಲಗಿಸುವಾಗ ತಲೆ, ಬೆನ್ನಿನ ಕಡೆ ಸ್ವಲ್ಪ ಎತ್ತರ ಮಾಡಿ. ಆಗ ಉಚ್ಚೆ ಬೆನ್ನಿನ ಕಡೆ ಹರಿಯುವುದಿಲ್ಲ. ಡಿಸ್ಚಾರ್ಜ್ ಆಗುವ ಮುಂಚೆ ನರ್ಸ್ ಎದುರಿಗೇ ಒಮ್ಮೆ ನೀವೇ ಹಾಕಿ ನೋಡಿ. ಮನೆಗೆ ಬಂದ ಮೇಲೆ ಧೈರ್ಯ ಇರುತ್ತದೆ.

ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಎಣ್ಣೆ, ಪೌಡರ್ ಯಾವುದೂ ಪ್ಲಾಸ್ಟರ್ ಒಳಗೆ ಹೋಗಬಾರದು. ತುರಿಕೆಗೆ ಕಡ್ಡಿ, ಸ್ಕೇಲ್ ತೂರಿಸಬೇಡಿ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಬಿಡಬಹುದು, ಬಿಸಿ ಗಾಳಿ ಬೇಡ. ಊಟ ಸ್ವಲ್ಪ ಸ್ವಲ್ಪವಾಗಿ ಕೊಡಿ, ಹೊಟ್ಟೆ ಉಬ್ಬಲು ಒಳಗೆ ಜಾಗ ಕಡಿಮೆ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕಾಲುಗಳ ನಡುವೆ ಕೋಲು ಕೂರಿಸಿದ್ದರೆ ಅದನ್ನು ಹಿಡಿದು ಎತ್ತಲೇಬಾರದು, ಮುರಿಯುತ್ತದೆ.

ಕಾಲ್ಬೆರಳು ದಿನಕ್ಕೆ ನಾಲ್ಕಾರು ಸಲ ನೋಡಿ. ನೀಲಿಯಾಗಿದ್ದರೆ, ತಣ್ಣಗಿದ್ದರೆ, ಊದಿದ್ದರೆ, ಮಗು ಬೆರಳು ಆಡಿಸದಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಮೇಲಿಂದ ಮೇಲೆ ವಾಂತಿ, ಜ್ವರ, ಒಳಗಿನಿಂದ ಕೆಟ್ಟ ವಾಸನೆ ಬಂದರೂ ಅಷ್ಟೇ.

ಕಾಲು ಇಷ್ಟು ಅಗಲ ಮಾಡಿ ಕಟ್ಟಿದ್ದಾರಲ್ಲ ಅಂತ ನೋಡಿದವರೆಲ್ಲ ಕೇಳುತ್ತಾರೆ. ಹಿಂದಿನ ಕಾಲದಲ್ಲಿ ಇನ್ನೂ ಜಾಸ್ತಿ, ಕಪ್ಪೆಯ ಹಾಗೆ ಪೂರ್ತಿ ಅಗಲಿಸಿ ಕಟ್ಟುತ್ತಿದ್ದರು. ಅದರಿಂದ ತೊಡೆಮೂಳೆಯ ತಲೆಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಹಾಳಾಗುತ್ತಿತ್ತು. ಈಗ ತೊಡೆ ಮಡಚಿ, ಹದವಾಗಿ ಮಾತ್ರ ಅಗಲಿಸುತ್ತಾರೆ. ಸಾಮಾನ್ಯವಾಗಿ ಒಟ್ಟು 12 ವಾರ, ನಡುವೆ 6 ವಾರಕ್ಕೆ ಒಮ್ಮೆ ಬದಲಾವಣೆ.

ಇನ್ನೊಂದು ಮಾತು, ಇದನ್ನು ನೀವು ಕೇಳಿಲ್ಲ. ಸೊಂಟದ ಮೇಲೆ ಕೂರಿಸಿಕೊಂಡೇ ಹೀಗಾಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಲು ಅಗಲಿಸಿ ಸೊಂಟದ ಮೇಲೆ ಕೂರುವುದು ಕೀಲಿಗೆ ಒಳ್ಳೆಯದೇ. ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವುದು ಕೆಟ್ಟದ್ದು. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಹೊಟ್ಟೆಯಲ್ಲಿ ತಲೆ ಮೇಲಾಗಿದ್ದ ಮಕ್ಕಳಲ್ಲಿ ಕೀಲು ಜಾರುವುದು ಹೆಚ್ಚು. ನಿಮ್ಮನ್ನು ದೂರಲು ಇದರಲ್ಲಿ ಏನೂ ಇಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಚರ್ಮ ಹೊಟ್ಟುಹೊಟ್ಟಾಗಿ, ಕಾಲು ಬಿಗಿಯಾಗಿ, ಸಣ್ಣಗೆ ಕಾಣುತ್ತದೆ. ಹೆದರಬೇಡಿ. ಕಾಲು ಎಳೆದು, ತಿಕ್ಕಿ ನೆಟ್ಟಗೆ ಮಾಡಲು ಯಾರಿಗೂ ಬಿಡಬೇಡಿ, ಮಗು ತಾನೇ ಆಡಿಸುತ್ತಾ ಸಡಿಲ ಮಾಡಿಕೊಳ್ಳುತ್ತದೆ. ಸ್ವಲ್ಪ ಕಾಲ ಬ್ರೇಸ್ (ಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ) ಹಾಕಲು ಹೇಳಬಹುದು. ಮಗು ಓಡಾಡಲು ಶುರು ಮಾಡಿತು ಅಂತ ಎಕ್ಸ್‌ರೇ ತಪ್ಪಿಸಬೇಡಿ, ಬೆಳವಣಿಗೆ ಮುಗಿಯುವವರೆಗೂ ಡಾಕ್ಟರ್ ಹೇಳಿದಾಗಲೆಲ್ಲ ತೋರಿಸುತ್ತಿರಬೇಕು.